ಲಂಡನ್ನಿನಲ್ಲಿ ತಂಬುಳಿ ಕೇಳಿದ್ದು

ಸಿದ್ದಾಪುರ ತಾಲೂಕಿನ ತೋಟದಂಚಿನ ಮನೆಯಲ್ಲಿ ಅರವತ್ತೆಂಟು ವರ್ಷ ಉಂಡ ಈ ಬಾಯಿಗೆ ಕಳೆದ ಬೇಸಗೆಯಲ್ಲಿ ಲಂಡನ್ ನಗರದ ಅನ್ನದ ಋಣವೂ ಒದಗಿ ಬಂದಿತು. ಮಗನು ಅಲ್ಲಿ ಉದ್ಯೋಗದಲ್ಲಿರುವನು. ನಾವು ದಂಪತಿಗಳು ಅಲ್ಲಿಗೆ ಹೋದ ಎರಡನೆಯ ವಾರದಲ್ಲಿ ಅವನು, “ಅಪ್ಪಯ್ಯ, ನಿನಗೆ ಊರಿನ ಊಟದ ನೆನಪಾಗಿರಬೇಕು. ಅಸಲು ಭಾರತೀಯ ಊಟದ ಜಾಗವೊಂದಿದೆ, ನಡೆ” ಎಂದು ಹೊರಡಿಸಿದನು. ಬಾಗಿಲ ಮೇಲಿನ ಹಲಗೆಯೂ ಅದನ್ನೇ ಸಾರುತ್ತಿತ್ತು. ಒಳಗೆ ಮಂದವಾದ ದೀಪ, ಗೋಡೆಯ ಮೇಲೆ ಅಂಬಾರಿ ಹೊತ್ತ ಆನೆಯ ಚಿತ್ರ, ಮೇಜಿಗೆ ಬಿಳಿಯ ಹಾಸು. ಪದಾರ್ಥಗಳ ಪಟ್ಟಿಯನ್ನು ಕೈಗಿತ್ತರು. ಪನೀರು, ತಂದೂರಿ ರೊಟ್ಟಿ, ಕೂರ್ಮಾ. ‘ಮದರಾಸ್’ ಎಂಬ ಹೆಸರಿನದೊಂದು ವಿಪರೀತ ಖಾರದ ಪದಾರ್ಥವೂ ಇತ್ತು. ಅಂತಹದನ್ನು ಮದರಾಸಿನಲ್ಲಿ ನಾನಂತೂ ಕಂಡವನಲ್ಲ.

ನಾನು ಪಟ್ಟಿಯನ್ನು ಎರಡು ಸಲ ಓದಿ, “ತಂಬುಳಿ ಇದೆಯೇ?” ಎಂದು ಕೇಳಿಯೇಬಿಟ್ಟೆನು. ಮಗನು ನೆಲವನ್ನು ನೋಡಿದನು. ಮನೆಯವಳು ಸೆರಗಿನ ಮರೆಯಲ್ಲಿ ನಕ್ಕಳು. ಬಡಿಸುವಾತನು ನರೆತ ತಲೆಯ ಹಿರಿಯನು. ಬೇಸರಿಸದೆ, ಅದೇನೆಂದು ಹಿಂದಿಯಲ್ಲಿ ವಿಚಾರಿಸಿದನು. ಸೊಪ್ಪನ್ನು ಜೀರಿಗೆ, ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಕೂಡಿಸಿ ಬೀಸಿ, ಮಜ್ಜಿಗೆಯಲ್ಲಿ ಕದಡಿ, ಕುದಿಸದೆ ಅನ್ನಕ್ಕೆ ಬಡಿಸುವದೆಂದು ನನ್ನ ಹರಕು ಹಿಂದಿಯಲ್ಲಿ ತಿಳಿಸಿದೆನು. ಆತನು ಸ್ವಲ್ಪ ಹೊತ್ತು ನಿಂತು, ತನ್ನ ಊರು ಬಾಂಗ್ಲಾದೇಶದ ಸಿಲ್ಹೆಟ್ ಎಂದೂ, ಅಲ್ಲಿ ಶಾತ್ಕರಾ ಎಂಬ ಹುಳಿಗಾಯಿ ಬೆಳೆಯುವದೆಂದೂ, ಅದನ್ನು ಹಾಕಿ ಬೇಯಿಸಿದ ಅಡಿಗೆಯೇ ತನ್ನ ಮನೆಯ ಊಟವೆಂದೂ ಹೇಳಿದನು. ಅದು ಪಟ್ಟಿಯಲ್ಲಿ ಎಲ್ಲಿದೆ ಎಂದೆನು. “ಪಟ್ಟಿಯಲ್ಲಿಲ್ಲ ಸಾಹೇಬರೇ. ಇದು ಗಿರಾಕಿಗಳ ಊಟ. ನಮ್ಮ ಊಟ ಹಿಂದಿನ ಕೋಣೆಯಲ್ಲಿ” ಎಂದನು.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿಕೊಂಡಿತು. ಬ್ರಿಟನ್ನಿನ ‘ಭಾರತೀಯ’ ಖಾನಾವಳಿಗಳಲ್ಲಿ ಬಹುಪಾಲನ್ನು ಕಟ್ಟಿ ನಡೆಯಿಸಿದವರು ಸಿಲ್ಹೆಟ್ ಸೀಮೆಯವರೇ. ಹಡಗಿನ ಕೂಲಿಗಳಾಗಿ ಬಂದು ಬಂದರುಗಳಲ್ಲಿ ಇಳಿದುಳಿದವರಿಂದ ಆ ಪರಂಪರೆ ಬೆಳೆಯಿತು. ಅದಕ್ಕೂ ಮೊದಲು, 1810ರಲ್ಲಿ, ಪಾಟ್ನಾ ಕಡೆಯ ದೀನ್ ಮಹಮ್ಮದ್ ಎಂಬಾತನು ಲಂಡನ್ನಿನ ಜಾರ್ಜ್ ಬೀದಿಯಲ್ಲಿ ‘ಹಿಂದೂಸ್ತಾನಿ ಕಾಫಿಗೃಹ’ವನ್ನು ತೆರೆದಿದ್ದನು. ಕಂಪನಿಯ ನೌಕರಿ ಮುಗಿಸಿ ಮರಳಿದ ಆಂಗ್ಲರಿಗೆಂದು ಹುಕ್ಕಾ, ಬಿದಿರಿನ ಆಸನ, ಮಸಾಲೆಯ ಅಡಿಗೆ ಎಲ್ಲವನ್ನೂ ಒದಗಿಸಿದರೂ 1812ರಲ್ಲಿ ಅವನು ದಿವಾಳಿಯಾದನು. ರೀಜೆಂಟ್ ಬೀದಿಯಲ್ಲಿ ಎಡ್ವರ್ಡ್ ಪಾಮರ್ 1926ರಲ್ಲಿ ತೆರೆದ ವೀರಾಸ್ವಾಮಿಯ ಕಥೆಯೂ ಇದಕ್ಕೆ ಬಹಳ ದೂರದ್ದಲ್ಲ. ಮೊದಲಿನಿಂದಲೂ ಅಲ್ಲಿ ಅಡಿಗೆಯಾದದ್ದು ಗಿರಾಕಿಯ ನೆನಪಿಗೆ ತಕ್ಕಂತೆ. ಅಡಿಗೆಯವನ ನೆನಪಿಗೆ ತಕ್ಕಂತೆ ಅಲ್ಲ.

ಹಾಗಾದರೆ ಕನ್ನಡಿಗರ ಅಡಿಗೆ ಪರದೇಶಕ್ಕೆ ಹೋಗಲಿಲ್ಲವೇ? ಧಾರಾಳವಾಗಿ ಹೋಗಿದೆ. ಉಡುಪಿ ಸೀಮೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ಉಡ್‌ಲ್ಯಾಂಡ್ಸ್ ತೆರೆದರು; ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ಸ್ ಇಂದು ಸಿಂಗಪುರ, ದುಬೈಗಳಲ್ಲಿಯೂ ದೋಸೆ ಹೊಯ್ಯುತ್ತಿದೆ. ಅಕ್ಕಿ, ಉದ್ದು, ತೊಗರಿ, ಹುಣಿಸೆ, ಇವು ಚೀಲದಲ್ಲಿ ಹಡಗು ಹತ್ತಬಲ್ಲವು. ಇಂದು ಮಾಡಿದ ಹಿಟ್ಟಿನಂತೆಯೇ ನಾಳೆಯೂ ಮಾಡಬಹುದು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಅಡಿಗೆಗೆ ಆ ಗುಣವಿಲ್ಲ. ಒಂದೆಲಗ ಗದ್ದೆಯ ಬದುವಿನಿಂದ ಬರಬೇಕು, ದೊಡ್ಡಪತ್ರೆ ಬಚ್ಚಲ ಹಿಂದಿನಿಂದ. ಅಪ್ಪೆಹುಳಿಗೆ ಹೊಳೆಯಂಚಿನ ಮರದ ಮಾವಿನಕಾಯಿಯೇ ಆಗಬೇಕು. ತೊಡೆದೇವಿಗೆ ಆಲೆಮನೆಯ ಕಬ್ಬಿನ ಹಾಲು ಬೇಕು. ಕವುಚಿದ ಮಡಕೆಯ ಬೆನ್ನನ್ನು ಕಾಯಿಸಿ, ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಬಳಿದು, ಕಾಗದದಂತೆ ಎಬ್ಬಿಸುವ ಕೈ ಬೇಕು. ಇದನ್ನು ಯಾವ ಪಟ್ಟಿಯಲ್ಲಿ ಅಚ್ಚು ಹಾಕಿಸುವದು? (ನಮ್ಮದೊಂದೇ ಈ ಮೂರು ತಾಲೂಕುಗಳ ಅಡಿಗೆಯೆಂದು ನಾನು ಹೇಳುತ್ತಿಲ್ಲ, ಯಲ್ಲಾಪುರದ ಸಿದ್ದಿಯರ ಒಲೆಯೇ ಬೇರೆ.)

ಪರದೇಶದ ಮಾತೇಕೆ? ಶಿರಸಿಯ ಪೇಟೆಯಲ್ಲಿ ಇಳಿದ ಪ್ರವಾಸಿಕನಿಗೆ ಮೊದಲು ಕಣ್ಣಿಗೆ ಬೀಳುವದು ಮಸಾಲೆದೋಸೆ, ಗೋಬಿ ಮಂಚೂರಿ. ಹುಡುಕಿದರೆ ತಂಬುಳಿ ಸಿಗದೆಂದಲ್ಲ, ಆದರೆ ಹುಡುಕಬೇಕು. ಇಲ್ಲಿಯೂ ನಮ್ಮ ಊಟ ಹಿಂದಿನ ಕೋಣೆಯಲ್ಲಿಯೇ ಉಳಿದಿದೆ. ಆ ಕೋಣೆಯೊಳಗೆ ನಾನಾದರೂ ಎಂದು ಕಾಲಿಟ್ಟಿದ್ದೆನು? ನನ್ನ ಆಯಿ ಇಪ್ಪತ್ತಕ್ಕೂ ಮಿಕ್ಕಿ ಬಗೆಯ ತಂಬುಳಿ ಮಾಡುತ್ತಿದ್ದಳು. ಎಲ್ಲವನ್ನೂ ಸುರಿದುಕೊಂಡು ಉಂಡೆನೇ ಹೊರತು ಒಂದರ ವಿಧಾನವನ್ನೂ ಕೇಳಿಟ್ಟುಕೊಳ್ಳಲಿಲ್ಲ. ಮನೆಯವಳು ಅವುಗಳಲ್ಲಿ ಹನ್ನೆರಡನ್ನು ಬಲ್ಲಳು. ಉಳಿದವು ಆಯಿಯೊಡನೆಯೇ ಹೋದವು.

ಭೋಜನಗೃಹದ ಊಟ ಕೆಟ್ಟದಾಗಿತ್ತೆಂದು ಹೇಳಲಾರೆ, ಬೇಳೆ ಹದವಾಗಿತ್ತು. ಮರುದಿನ ಸೊಸೆಯು ಏನನ್ನೂ ಆಡದೆ ಮೆಂತ್ಯದ ತಂಬುಳಿ ಮಾಡಿ ಬಡಿಸಿದಳು. ಮೆಂತ್ಯ, ಮೊಸರು ಲಂಡನ್ನಿನಲ್ಲಿಯೂ ಸಿಗುವವಷ್ಟೆ. ಎಂಟು ವರ್ಷದ ಮೊಮ್ಮಗನು ಮೂಗು ಮುರಿಯುತ್ತಲೇ ಬಾಯಿಗಿಟ್ಟು, ಬಳಿಕ ಬಟ್ಟಲನ್ನು ಎತ್ತಿ ಕುಡಿದನು. ಆ ಸಂಜೆಯಿಂದ ಸೊಸೆ ಒಂದು ವಹಿ ಹಿಡಿದು ಅತ್ತೆಯ ಮುಂದೆ ಕುಳಿತಳು. “ಒಂದು ಚಿಟಿಕೆ ಎಂದರೆ ಎಷ್ಟು, ಅತ್ತೆ?” ಎಂದರೆ ಇವಳಿಗೆ ಸಿಟ್ಟು, ಚಿಟಿಕೆಗೆ ಲೆಕ್ಕವುಂಟೇ? ಕಡೆಗೆ ಅತ್ತೆಯ ಚಿಟಿಕೆಯನ್ನೂ ಹಿಡಿಯನ್ನೂ ಅಡಿಗೆಮನೆಯ ಪುಟ್ಟ ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಂಡಳು.

ನಾವು ಹಿಂದಿರುಗುವ ಹೊತ್ತಿಗೆ ವಹಿಯಲ್ಲಿ ಹನ್ನೊಂದು ತಂಬುಳಿಗಳಾಗಿದ್ದವು. ಹನ್ನೆರಡನೆಯದು ಕನ್ನೆಕುಡಿಯದು, ಚಿಗುರನ್ನು ಕಣ್ಣಾರೆ ಕಾಣದೆ ಬರೆಯಲಾರೆನೆಂದು ಅದರ ಪುಟವನ್ನು ಖಾಲಿ ಬಿಟ್ಟಿದ್ದಾಳೆ. ಬರುವ ದೀಪಾವಳಿಗೆ ಅವರು ಊರಿಗೆ ಬರುವರು. ಬೇಲಿಯ ಬದಿಯಲ್ಲಿದ್ದ ಗಿಡಗಳನ್ನು ಹೋದ ವರ್ಷ ತಂತಿ ಹಾಕಿಸುವಾಗ ನಾನೇ ಕಡಿಸಿದ್ದೆನು. ಈಗ ದಿನಾಲು ಸಂಜೆ ಬೆಟ್ಟದ ಅಂಚಿನಲ್ಲಿ ಹುಡುಕುತ್ತಿದ್ದೇನೆ.