ಧಣಿಗಳ ಗಾಡಿ, ದುಡಿಯುವವನ ಪ್ರಾಣ

ಹೋಟೆಲಿಗೆ ಸೇರಲು ಬಂದ ಹುಡುಗನನ್ನು ಧಣಿಗಳು ಏನು ಕೇಳುತ್ತಾರೆಂಬುದು ನಮಗೆಲ್ಲ ಗೊತ್ತು. ಯಾವ ಊರು, ಯಾರ ಕಡೆಯವನು, ಹಿಂದೆ ಎಲ್ಲಿದ್ದೆ? ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: “ಗಾಡಿ ಬಿಡಲು ಬರುತ್ತದೋ?” ಬರುತ್ತದೆ ಎಂದರೆ ಮುಗಿಯಿತು. ಲೈಸೆನ್ಸು ಇದೆಯೋ ಎಂದು ಕೇಳುವವರು ಕಡಿಮೆ. ಮರುದಿನ ನಸುಕಿನಲ್ಲೇ ಸ್ಕೂಟರಿನ ಬೀಗದಕೈ ಅವನ ಕೈಗೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ ಅವನು ಕ್ಲೀನರ್ ಅಥವಾ ಸಪ್ಲಾಯರ್. ಡ್ರೈವರ್ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಸಂಬಳವೂ ಕ್ಲೀನರನ ಸಂಬಳವೇ.

ತರಕಾರಿಯ ಸಗಟು ಮಾರುಕಟ್ಟೆ ಕೊತ್ತವಾಲ್ ಚಾವಡಿಯಲ್ಲಿದ್ದ ಕಾಲದಲ್ಲಿ ಜಾರ್ಜ್ ಟೌನಿನ ಹೋಟೆಲುಗಳಿಗೆ ಬಾಳೆಲೆ, ಕಾಯಿಪಲ್ಲೆ ಕೈಗಾಡಿಯಲ್ಲೋ ತಲೆಹೊರೆಯಲ್ಲೋ ಬರುತ್ತಿತ್ತು. 1996ರಲ್ಲಿ ಮಾರುಕಟ್ಟೆ ಕೋಯಂಬೇಡಿಗೆ ಹೋಯಿತು. ಅದೇ ವರ್ಷ ಪೆರಂಬೂರಿನ ಬಿನ್ನಿ ಮಿಲ್ಲಿಗೂ ಬೀಗ ಬಿತ್ತು. ಮಿಲ್ಲಿನ ಕೂಗು ಕೇಳಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದವರ ಮಕ್ಕಳು ಇಂದು ಕಾರ್ಖಾನೆಯ ವ್ಯಾನಿನಲ್ಲಿ ಅಂಬತ್ತೂರಿಗೆ, ಅದರಾಚೆಗೆ ಹೋಗಿಬರುತ್ತಾರೆ. ಹೋಟೆಲಿನಲ್ಲಿಯೂ ಒಂದೇ ಅಡಿಗೆಮನೆಯಿಂದ ನಾಲ್ಕು ಶಾಖೆಗಳಿಗೆ ಸಾಂಬಾರಿನ ಕ್ಯಾನುಗಳು ಹೋಗಬೇಕು. ಆಫೀಸುಗಳಿಗೆ ಊಟದ ಪೊಟ್ಟಣ, ಮದುವೆ ಮಂಟಪಗಳಿಗೆ ಕೊಪ್ಪರಿಗೆ ಹೋಗಬೇಕು. ಕೆಲಸ ನಮ್ಮನ್ನು ಬೀದಿಗೆ ತಂದಿದೆ. ಆದರೆ ಬೀದಿಯ ಕೆಲಸಕ್ಕೆ ಯಾವ ಕಟ್ಟಳೆಯೂ ಇಲ್ಲದೆ ನಡೆಯುತ್ತಿದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅವರಲ್ಲಿ ಹತ್ತಕ್ಕೆ ನಾಲ್ವರಿಗಿಂತ ಹೆಚ್ಚು ಜನ ಎರಡು ಚಕ್ರದ ಗಾಡಿಯವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಹಿಂದೆ ಕೂತವನಿಗೂ ಹೆಲ್ಮೆಟ್ ಕಡ್ಡಾಯ ಎಂದು ಮದರಾಸು ಹೈಕೋರ್ಟಿನ ಆಜ್ಞೆಯಂತೆ 2015ರ ಜುಲೈ 1ರಿಂದ ಇಲ್ಲಿ ಜಾರಿಯಾಗಿದೆ. ಹೀಗಿದ್ದೂ ಎಷ್ಟು ಹೋಟೆಲುಗಳಲ್ಲಿ ಗಾಡಿಯೊಂದಿಗೆ ಎರಡು ಹೆಲ್ಮೆಟ್ ಇಟ್ಟಿದ್ದಾರೆ? ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಮೊಳೆ ಹೊಡೆದು ನೇತುಹಾಕಿದರೆ ಸಾಕು, ದೊಡ್ಡ ಖರ್ಚೇನಲ್ಲ.

ಹೆಲ್ಮೆಟ್ಟಿಗಿಂತಲೂ ನಮ್ಮನ್ನು ಹೆಚ್ಚು ಕಾಡುವ ಸಂಗತಿ ನಿದ್ರೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಮುಚ್ಚಿ, ಮೇಜು ಒರೆಸಿ, ನೆಲ ತೊಳೆದು ಮಲಗುವಾಗ ಹನ್ನೆರಡೂವರೆ. ಅದೇ ಹುಡುಗನನ್ನು ಮೂರೂವರೆಗೆ ಎಬ್ಬಿಸಿ ಕೋಯಂಬೇಡಿಗೆ ಕಳುಹಿಸುತ್ತಾರೆ. ಆಚೆ ಲಾರಿಗಳು, ಈಚೆ ಮೂಟೆ ಕಟ್ಟಿದ ಸ್ಕೂಟರು, ಕಣ್ಣಿನಲ್ಲಿ ಮೂರು ಗಂಟೆಯ ನಿದ್ದೆ. ಬಸ್ಸು, ಲಾರಿ ಕಂಪೆನಿಗಳ ಚಾಲಕರಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಯಾದ ಮೇಲೆ ಅರ್ಧ ಗಂಟೆ ವಿರಾಮ ಎಂದು 1961ರ ಕಾಯಿದೆಯೇ ಗೊತ್ತುಮಾಡಿತ್ತು. ಹೋಟೆಲಿನ ಹುಡುಗ ಚಾಲಕನೆಂದು ಯಾವ ಲೆಕ್ಕದಲ್ಲಿಯೂ ಬಾರದ್ದರಿಂದ ಆ ನೆರಳು ಅವನ ಮೇಲೆ ಬೀಳಲಿಲ್ಲ. ರಾತ್ರಿ ಬಾಗಿಲು ಮುಚ್ಚಿದವನಿಗೆ ಮುಂಜಾನೆ ಬೀಗದಕೈ ಕೊಡಕೂಡದು. ನಮ್ಮ ಮೊದಲನೆಯ ಬೇಡಿಕೆ ಇದೇ. ಮದುವೆಯ ಮುಹೂರ್ತದ ದಿನಗಳಲ್ಲಿ ಅಡಿಗೆ ಭಟ್ಟರನ್ನು ನಡುರಾತ್ರಿ ಬಿಸಿ ಕೊಪ್ಪರಿಗೆಗಳ ನಡುವೆ ಸಾಮಾನಿನ ವ್ಯಾನಿನಲ್ಲಿ ಕೂರಿಸಿ ಸಾಗಿಸುವ ಪದ್ಧತಿಯೂ ನಿಲ್ಲಬೇಕು. ಬ್ರೇಕು ಹಾಕಿದರೆ ಕುದಿಯುವ ಸಾರು ಯಾರ ಮೈಮೇಲೆ ಬೀಳುತ್ತದೆಂದು ಹೇಳಬೇಕಾಗಿಲ್ಲ.

ಇದು ಬರೀ ನಮ್ಮ ಗೋಳೆಂದು ಧಣಿಗಳು ಎಣಿಸಬಾರದು. ಲೈಸೆನ್ಸು ಇಲ್ಲದವನಿಗೆ ಗಾಡಿ ಕೊಡುವುದು 1988ರ ಮೋಟಾರು ವಾಹನ ಕಾಯಿದೆಯಂತೆ ಗಾಡಿಯ ಒಡೆಯನ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಗೊತ್ತಿದ್ದೂ ಹಾಗೆ ಕೊಟ್ಟ ಗಾಡಿ ದಾರಿಹೋಕನಿಗೆ ಬಡಿದರೆ, ವಿಮಾ ಕಂಪೆನಿ ತಾನು ಕೊಟ್ಟ ಪರಿಹಾರವನ್ನು ಒಡೆಯನಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದೆ. ಹೋಟೆಲನ್ನೇ ಮಾರಬೇಕಾದೀತು. ಒಬ್ಬ ಹುಡುಗನಿಗೆ ಲೈಸೆನ್ಸು ಮಾಡಿಸುವ ಖರ್ಚು ಅದರ ಮುಂದೆ ಎಷ್ಟು?

ಇನ್ನು ದಂಡದ ವಿಚಾರ. ಪೋಲೀಸರ ಚಲನ್ನು ಗಾಡಿಯ ಒಡೆಯನ ಹೆಸರಿಗೆ ಬರುತ್ತದೆ. ತಿಂಗಳ ಕೊನೆಗೆ ಹುಡುಗನ ಸಂಬಳದಲ್ಲಿ ಮುರಿಯುತ್ತದೆ. ಗಾಡಿಗೆ ಗೀರು ಬಿದ್ದರೂ ಹಾಗೆಯೇ. ನಷ್ಟವು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿ ಕೇಳದೆ ಮುರಿಯಕೂಡದು, ಆದ ನಷ್ಟಕ್ಕಿಂತ ಹೆಚ್ಚು ಮುರಿಯಕೂಡದು ಎಂಬುದು 1936ರ ವೇತನ ಪಾವತಿ ಕಾಯಿದೆಯಲ್ಲಿ ಇತ್ತು, ಅದರ ಜಾಗಕ್ಕೆ ಬಂದ ವೇತನ ಸಂಹಿತೆಯಲ್ಲಿಯೂ ಇದೆ. ಹೆಲ್ಮೆಟ್ ಕೊಟ್ಟಿದ್ದರೂ ಹಾಕದೆ ಸಿಕ್ಕಿಬಿದ್ದವನು ದಂಡ ತೆರಲಿ, ನಾವು ಅಡ್ಡ ಬರುವುದಿಲ್ಲ. ವಿಮೆ ಕಟ್ಟದ ಗಾಡಿ, ಸವೆದ ಟೈರು, ಉರಿಯದ ದೀಪ, ಇವುಗಳ ದಂಡವನ್ನು ಬಡವನ ತಲೆಗೆ ಕಟ್ಟುವುದು ಯಾವ ನ್ಯಾಯ?

ನಮ್ಮವರಿಗೂ ಎರಡು ಮಾತು ಹೇಳಬೇಕು. ಕೆಲಸ ಮುಗಿದ ಮೇಲೆ ಧಣಿಗಳ ಗಾಡಿಯನ್ನು ಹೇಳದೆ ಕೇಳದೆ ತೆಗೆದುಕೊಂಡು ಮೂರು ಜನ ಎರಡನೇ ಆಟದ ಸಿನೆಮಾಕ್ಕೋ ಮರೀನಾಕ್ಕೋ ಹೋಗುವುದುಂಟು. ಆಗ ಬಿದ್ದರೆ ಅದು ಕೆಲಸದ ಅಪಘಾತವಲ್ಲ. ಸಂಘ ಎಷ್ಟು ವಾದಿಸಿದರೂ ನಿಲ್ಲುವುದು ಕಷ್ಟ. ಕುಡಿದದ್ದರಿಂದಲೇ ಆದ ಗಾಯಕ್ಕೆ, ಪ್ರಾಣಹಾನಿ ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಆದ ಸಂದರ್ಭ ಬಿಟ್ಟರೆ, ಪರಿಹಾರವೂ ಇಲ್ಲ. ಬೆಳಗಿನ ಅವಸರದಲ್ಲಿ ಆರ್ಡರು ಕೇಳಿಕೊಳ್ಳಲೆಂದು ಭುಜಕ್ಕೂ ಕಿವಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಹೋಗುವ ವಿದ್ಯೆಯನ್ನಂತೂ ಯಾರು ಕಲಿಸಿದರೋ!

ಹಕ್ಕುಗಳನ್ನೂ ತಿಳಿದಿರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ ವಾಸದ ಜಾಗದಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ಕಂಡುಬಂದರೆ, ಕೆಲಸದ ಅಪಘಾತವೇ. ಕಾರ್ಖಾನೆಯ ವ್ಯಾನಿನಲ್ಲಿ ಹೋಗುವವರು ಇದನ್ನು ನೆನಪಿಡಿ. ತಮಿಳುನಾಡು ಸರಕಾರ 2021ರ ಡಿಸೆಂಬರಿನಲ್ಲಿ ತಂದ ಯೋಜನೆಯು ರಸ್ತೆಯಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೆಂದೇ ಬಂದದ್ದು. ಹೊರ ರಾಜ್ಯದವರೆಂಬ ಭೇದ ಅದರಲ್ಲಿ ಇಲ್ಲ. ಬಿದ್ದವನನ್ನು ಆಟೋದಲ್ಲಿ ಹಾಕಿ ಹೋಟೆಲಿಗೆ ತಂದು ಅರಿಸಿನ ಹಚ್ಚುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ.

ಬರುವ ಸಂಬಳದ ಮಾತುಕತೆಯಲ್ಲಿ ಈ ವಿಷಯವನ್ನೂ ಸಂಘ ಧಣಿಗಳ ಮುಂದೆ ಇಡಲಿದೆ. ಗಾಡಿ ಬಿಡುವವರು ಯಾರು, ಎಷ್ಟು ಹೊತ್ತು, ದಂಡ ಯಾರದು, ಆಸ್ಪತ್ರೆಗೆ ಸೇರಿದ ದಿನಗಳ ಸಂಬಳ ಎಷ್ಟು, ಎಲ್ಲವೂ ಕಾಗದದ ಮೇಲೆ ಬರಬೇಕು. ಅದಕ್ಕೆ ನಮ್ಮ ಕೈಯಲ್ಲಿ ಲೆಕ್ಕವಿರಬೇಕು. ಗಾಡಿ ಬಿಡುವ ಪ್ರತಿಯೊಬ್ಬರೂ ತಮ್ಮ ರಜೆಯ ದಿನ ಲೈಸೆನ್ಸಿನ ಒಂದು ಪ್ರತಿ, ಸಾಧ್ಯವಾದರೆ ಗಾಡಿಯ ವಿಮೆಯ ಪ್ರತಿ ತೆಗೆದುಕೊಂಡು ಸಂಘದ ಕೋಣೆಗೆ ಬನ್ನಿ. ಕುಂದಾಪುರದಲ್ಲೋ ಉಡುಪಿಯಲ್ಲೋ ಮಾಡಿಸಿದ ಲೈಸೆನ್ಸು ಇಲ್ಲಿಯೂ ನಡೆಯುತ್ತದೆ. ಊರಿನ ಪೆಟ್ಟಿಗೆಯಲ್ಲಿ ಉಳಿದಿದ್ದರೆ ತರಿಸಿಕೊಳ್ಳಿ. ಇಲ್ಲದವರಿಗೆ ಅರ್ಜಿ ತುಂಬಿಸಿ ಕೊಡುತ್ತೇವೆ. ತಮಿಳು ಓದಿ ಹೇಳುವವರೂ ಕೋಣೆಯಲ್ಲಿ ಇರುತ್ತಾರೆ.