ಗಾಡಿ ಮಾತು: ಹಳೆಯ ಡೀಸೆಲ್ ಯೂಟ್ ಕೊಳ್ಳುವವರಿಗೆ



ಈ ಸಲ ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯಕ್ಕೆ ಸೇರಿದವು. ಬ್ರಿಸ್ಬೇನಿನ ದಂಪತಿಗಳು ಶನಿವಾರ, ಭಾನುವಾರದ ಸಂತೆಗಳಲ್ಲಿ ದೋಸೆ ಹುಯ್ಯಲೆಂದು ಟ್ರೈಲರ್ ಒಂದನ್ನು ಮಾಡಿಸಿದ್ದಾರೆ. ಅದನ್ನೆಳೆಯಲು ಗಾಡಿ ಬೇಕು. ಅಡಿಲೇಡಿನ ಸದಸ್ಯರೊಬ್ಬರು ಕಚೇರಿಯ ಕೆಲಸಕ್ಕೆ ಶರಣು ಹೊಡೆದು, ಮನೆಗಳಿಗೆ ಕೈತೋಟ ಮಾಡಿಕೊಡುವ ಕಸುಬು ಹಿಡಿದಿದ್ದಾರೆ; ಮಣ್ಣು, ಕಲ್ಲು ಹೊರಬೇಕು. ಪರ್ತಿನ ಹಿರಿಯ ದಂಪತಿಗಳಿಗೆ ಕ್ಯಾರವಾನ್ ಕಟ್ಟಿಕೊಂಡು ನಲ್ಲಾರ್ಬರ್ ದಾಟಿ ಅಡಿಲೇಡಿನ ಮಗಳ ಮನೆಗೆ ಹೋಗುವ ಆಸೆ. ದಾರಿ 2,700 ಕಿಲೋಮೀಟರು. ಮೂವರೂ ಕೇಳಿರುವುದು ಒಂದೇ: ಹಳೆಯ ಡೀಸೆಲ್ ಯೂಟ್ ತೆಗೆದುಕೊಳ್ಳಬೇಕು, ಯಾವುದು ಒಳ್ಳೆಯದು? ಮೂವರೂ ಹಾಕುತ್ತಿರುವುದು ಕೂಡಿಟ್ಟ ಹಣ. ಆದ್ದರಿಂದ ಈ ಸಂಚಿಕೆಯ ಪುಟವನ್ನೆಲ್ಲಾ ಇದಕ್ಕೇ ಕೊಟ್ಟಿದ್ದೇವೆ.

ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ಮುಂದೆ ಕಾರು, ಹಿಂದೆ ಸಾಮಾನಿನ ತೊಟ್ಟಿ, ಇದೇ ಯೂಟ್. ಅಮೆರಿಕದವರ ಪಿಕಪ್‌ಗೆ ಇಲ್ಲಿಯ ಸೋದರ ಸಂಬಂಧಿ. 1934ರಲ್ಲಿ ಜೀಲಾಂಗಿನ ಫೋರ್ಡ್ ಕಾರ್ಖಾನೆಯಲ್ಲಿ ಲ್ಯೂ ಬ್ಯಾಂಡ್ಟ್ ಎಂಬ ಯುವಕ ರೂಪಿಸಿದ್ದು. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲು ಒಂದೇ ಗಾಡಿ ಬೇಕೆಂದು ರೈತನ ಹೆಂಡತಿಯೊಬ್ಬಳು ಕಾಗದ ಬರೆದಳಂತೆ. ಕಥೆ ಹಾಗೆ ಹೇಳುತ್ತಾರೆ. ಅಡಿಲೇಡಿನ ಎಲಿಜಬೆತ್‌ನಲ್ಲಿದ್ದ ಹೋಲ್ಡನ್ ಕಾರ್ಖಾನೆ 2017ರ ಅಕ್ಟೋಬರ್ 20ರಂದು ಬಾಗಿಲು ಹಾಕಿದ ಮೇಲೆ ಈ ದೇಶದಲ್ಲಿ ಯೂಟ್ ತಯಾರಾಗುವುದು ನಿಂತಿತು. ಈಗ ರಸ್ತೆಯಲ್ಲಿ ಕಾಣುವ ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್‌ಗಳು ಬಹುಮಟ್ಟಿಗೆ ಥಾಯ್‌ಲೆಂಡಿನಿಂದ ಬಂದವು.

ಯಾವ ಕಂಪನಿಯದು ಎನ್ನುವುದಕ್ಕಿಂತ ಮೊದಲು ತೂಕದ ಲೆಕ್ಕ ಹಾಕಬೇಕು. ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ 3,500 ಕಿಲೋ ಎಳೆಯುತ್ತದೆ ಎಂದಿರುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗಾಡಿಗೆ ಇನ್ನೆರಡು ಮಿತಿಗಳಿವೆ. ಒಂದು ಜಿ.ವಿ.ಎಂ., ಅಂದರೆ ಗಾಡಿ, ಜನ, ಸಾಮಾನು ಎಲ್ಲ ಸೇರಿ ಎಷ್ಟು ತೂಗಬಹುದು ಎಂಬುದು. ಇನ್ನೊಂದು ಜಿ.ಸಿ.ಎಂ.; ಗಾಡಿಯೂ ಅದರ ಬಾಲದ ಟ್ರೈಲರೂ ಕೂಡಿ ಎಷ್ಟು ಎಂಬುದು. ಈ ಎರಡನೆಯದನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ.

ಲೆಕ್ಕಕ್ಕೆಂದು ಒಂದು ಡಬಲ್ ಕ್ಯಾಬ್ ಗಾಡಿ ಇಟ್ಟುಕೊಳ್ಳೋಣ. ಖಾಲಿ ತೂಕ 2,200 ಕಿಲೋ, ಜಿ.ವಿ.ಎಂ. 3,200, ಜಿ.ಸಿ.ಎಂ. 6,000. ಸಾವಿರ ಕಿಲೋ ಹೊರಬಹುದು ಎಂದಾಯಿತು. ಮುಂದಿನ ಬುಲ್ ಬಾರ್ 60, ಹಿಂದಿನ ಕ್ಯಾನಪಿ 150, ಟೋ ಬಾರ್ 40, ಉಳಿದದ್ದು 750. ಐದು ಜನ ಕುಳಿತರೆ 350, ಉಳಿದದ್ದು 400. ಟ್ರೈಲರಿನ ಮೂತಿ ಗಾಡಿಯ ಬಾಲದ ಮೇಲೆ ಹೇರುವ ಭಾರವನ್ನೂ ಇದರಲ್ಲೇ ಕಳೆಯಬೇಕು; ಅದು 300 ಎಂದುಕೊಂಡರೆ ಕೈಯಲ್ಲಿ ನಿಲ್ಲುವುದು ಬರೀ 100 ಕಿಲೋ. ಡೇರೆ, ಐಸ್ ಪೆಟ್ಟಿಗೆ, ಅಜ್ಜಿ ಕಟ್ಟಿಕೊಟ್ಟ ತಿಂಡಿಯ ಡಬ್ಬಿಗಳು, ಎಲ್ಲಕ್ಕೂ ಅಷ್ಟೇ. ಇನ್ನು ಜಿ.ಸಿ.ಎಂ. ನೋಡಿ. ಜನ, ಜೋಡಣೆ ಸೇರಿ ಗಾಡಿಯೇ 2,800 ಆಯಿತು. ಆರು ಸಾವಿರದಲ್ಲಿ ಕಳೆದರೆ ಟ್ರೈಲರಿಗೆ 3,200. ಜಾಹೀರಾತಿನ 3,500 ಎಲ್ಲಿ ಹೋಯಿತು? ಮಿತಿ ಮೀರಿ ಹೊರಟು ಅಪಘಾತವಾದರೆ ವಿಮೆಯವರು ಕೈಯೆತ್ತಬಹುದು. ಆ ಹೊತ್ತಿನಲ್ಲಿ ಗಾಡಿಯ ಬೆಲೆ ದೊಡ್ಡ ವಿಷಯವಾಗಿ ಉಳಿದಿರುವುದಿಲ್ಲ.

ಟ್ರೈಲರಿನ ಮೂತಿಯ ಭಾರದ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹೇರಿದ್ದನ್ನು ಕಂಡವರಿಗೆ ಗೊತ್ತು: ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನೇ ಎತ್ತುತ್ತದೆ, ಮುಂಭಾರವಾದರೆ ಎತ್ತು ಕುಸಿಯುತ್ತದೆ. ಇಲ್ಲಿಯೂ ಅದೇ. ಟ್ರೈಲರಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಮೂತಿಯ ಮೇಲಿದ್ದರೆ ಸರಿ ಎಂಬುದು ಇಲ್ಲಿಯವರ ರೂಢಿ. ಹಿಂಭಾರವಾದ ಟ್ರೈಲರ್ ವೇಗ ಹೆಚ್ಚಿದಂತೆ ಹಾವಿನ ಹಾಗೆ ಹೊರಳತೊಡಗುತ್ತದೆ. ಒಮ್ಮೆ ಶುರುವಾದರೆ ಹಿಡಿತಕ್ಕೆ ತರುವುದು ಕಷ್ಟ. ದೋಸೆ ಟ್ರೈಲರಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. 200 ಲೀಟರಿನ ನೀರಿನ ತೊಟ್ಟಿ ತುಂಬಿದರೆ 200 ಕಿಲೋ. ಅದನ್ನು ಹಿಂಬದಿಗೆ ಕೂರಿಸಿದ್ದರೆ, ಕಾವಲಿ, ಗ್ರೈಂಡರ್, ಸಿಲಿಂಡರುಗಳೂ ಅಲ್ಲೇ ಇದ್ದರೆ, ಯಾವ ಗಾಡಿ ತಂದರೂ ಕಷ್ಟ ತಪ್ಪದು. ಎಲ್ಲ ತುಂಬಿಸಿ ಒಮ್ಮೆ ವೇಬ್ರಿಡ್ಜಿಗೆ ಒಯ್ಯಿರಿ. ಮಂಡ್ಯದಲ್ಲಿ ಕಬ್ಬಿನ ಗಾಡಿ ತೂಗುತ್ತಾರಲ್ಲ, ಅಂಥದೇ. ಆ ತೂಕದ ಚೀಟಿ ಕೈಗೆ ಬಂದ ಮೇಲೆ ಗಾಡಿ ಹುಡುಕಿ. ಬ್ರೇಕಿನ ನಿಯಮವೂ ತೂಕದ ಮೇಲೆಯೇ ನಿಂತಿದೆ: ಟ್ರೈಲರಿನ ಚಕ್ರಗಳ ಮೇಲೆ ಬೀಳುವ ಭಾರ 750 ಕಿಲೋ ದಾಟಿದರೆ ಟ್ರೈಲರಿಗೆ ತನ್ನದೇ ಬ್ರೇಕ್ ಇರಬೇಕು, 2,000 ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇದ್ದು, ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಬೀಳುವ ವ್ಯವಸ್ಥೆಯೂ ಇರಬೇಕು.

ಈಗ ಹೆಸರುಗಳ ಮಾತು. ಒಂದೇ ಹೆಸರಿನ ಗಾಡಿ ವರ್ಷಕ್ಕೊಂದು ರೀತಿ ಎಳೆಯುತ್ತದೆ ಎಂಬುದನ್ನು ಮರೆಯಬೇಡಿ. 2015ರಲ್ಲಿ ಬಂದ ಹೊಸ ಹೈಲಕ್ಸ್ 2.8 ಲೀಟರಿನ ಫೋರ್ ವೀಲ್ ಡ್ರೈವ್, ಗೇರು ಹಾಕುವುದಾದರೆ 3,500, ಆಟೋಮ್ಯಾಟಿಕ್ ಆದರೆ 3,200. 2020ರ ಬದಲಾವಣೆಯ ನಂತರ ಎರಡೂ 3,500. ಅದೇ ಕಾಲದ ಟ್ರೈಟನ್ 3,100. ಆದ್ದರಿಂದ ಆ ವರ್ಷದ, ಆ ಮಾದರಿಯ ಕೈಪಿಡಿಯನ್ನೇ ನೋಡಿ. ಪಕ್ಕದ ಮನೆಯವರ ಮಾತು ಸಾಲದು. ಗಾಡಿಗೆ ಬಿಗಿದ ಟೋ ಬಾರಿನ ಮೇಲೂ ಒಂದು ತಗಡಿನ ಪಟ್ಟಿ ಇರುತ್ತದೆ. ಗಾಡಿಗೆ 3,500 ಇದ್ದು ಟೋ ಬಾರಿಗೆ 2,500 ಇದ್ದರೆ ನಿಮ್ಮ ಮಿತಿ 2,500.

ಹಳೆಯ ಹೈಲಕ್ಸಿನ 3.0 ಲೀಟರ್ ಎಂಜಿನ್, ಅಂದರೆ 2005ರಿಂದ 2015ರವರೆಗಿನದು, ಗಟ್ಟಿ ಎಂಬ ಹೆಸರಿನದು. ಆದರೂ ಇಂಜೆಕ್ಟರುಗಳನ್ನು ಪರೀಕ್ಷಿಸಿಯೇ ಕೊಳ್ಳಬೇಕು, ಮತ್ತು ಒಂದೂವರೆ ಲಕ್ಷ ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀತಿ ಕೇಳಬೇಕು. ಇಸುಜು ಡಿ-ಮ್ಯಾಕ್ಸಿನ 3.0 ಲೀಟರಿನದು ಸಣ್ಣ ಲಾರಿಗಳಲ್ಲೂ ದುಡಿದ ಎಂಜಿನ್. ಬೆಲ್ಟಿನ ಬದಲು ಚೈನು. ಸದ್ದು ಹೆಚ್ಚು, ಆದರೆ ಎಳೆಯುವ ಕೆಲಸಕ್ಕೆ ನಮ್ಮ ಮನಸ್ಸು ಅದರ ಕಡೆಗೇ ವಾಲುತ್ತದೆ. ರೇಂಜರಿನ ಐದು ಸಿಲಿಂಡರಿನ 3.2 ಎಳೆಯಲು ಹಿತ. ಅದರ ಎಣ್ಣೆ ಬದಲಾಯಿಸುವಾಗ ಬಹಳ ಹೊತ್ತು ಬಸಿಯಲು ಬಿಟ್ಟರೆ ಆಯಿಲ್ ಪಂಪು ಎಣ್ಣೆ ಎಳೆಯದೆ ಹೋಗುವುದುಂಟು. ಹಿಂದಿನ ಮಾಲೀಕರು ಸರ್ವೀಸನ್ನು ಎಲ್ಲಿ, ಯಾರ ಕೈಯಲ್ಲಿ ಮಾಡಿಸಿದರು ಎಂದು ಕೇಳಿ. 2020ಕ್ಕೆ ಮುಂಚಿನ ಮಜ್ದಾ ಬಿ.ಟಿ.-50 ಈ ರೇಂಜರಿನ ಒಡಹುಟ್ಟು. ಅಲ್ಲಿಂದೀಚೆಗಿನದು ಡಿ-ಮ್ಯಾಕ್ಸಿನ ಒಡಹುಟ್ಟು.

ಸುಮಾರು 2016ರಿಂದೀಚಿನ ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಗೆಯ ಮಸಿ ಹಿಡಿಯುವ ಸೋಸುಕ ಇರುತ್ತದೆ, ಡಿ.ಪಿ.ಎಫ್. ಎನ್ನುತ್ತಾರೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡುವಾಗ ಅದು ಹಿಡಿದಿಟ್ಟ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮಕ್ಕಳನ್ನು ಶಾಲೆಗೆ ಬಿಡಲು, ಅಂಗಡಿಗೆ ಹೋಗಲು ಮಾತ್ರ ಓಡಿಸಿದರೆ ಬಿಸಿಯಾಗುವುದೇ ಇಲ್ಲ, ಮಸಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ "ಒಬ್ಬರೇ ಮಾಲೀಕರು, ಪೇಟೆಯಲ್ಲಷ್ಟೇ ಓಡಿದ್ದು" ಎಂಬ ಹೊಗಳಿಕೆ ಡೀಸೆಲಿಗೆ ಹೊಗಳಿಕೆಯೇನೂ ಅಲ್ಲ! 2015ರ ಅಕ್ಟೋಬರಿನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಡೀಸೆಲ್ ಹೈಲಕ್ಸ್, ಪ್ರಾಡೊ, ಫಾರ್ಚೂನರ್‌ಗಳ ಈ ಸೋಸುಕದ ದೋಷ ನ್ಯಾಯಾಲಯದವರೆಗೂ ಹೋಗಿ, 2022ರ ಏಪ್ರಿಲಿನಲ್ಲಿ ಫೆಡರಲ್ ಕೋರ್ಟು ಕೊಳ್ಳುವವರ ಪರವಾಗಿ ತೀರ್ಪಿತ್ತಿತು. ಪರಿಹಾರದ ಲೆಕ್ಕದ ವಾದ ಹೈಕೋರ್ಟು ಮುಟ್ಟಿತು. ಆ ಕಾಲದ ಗಾಡಿ ಕೊಳ್ಳುವವರು ದುರಸ್ತಿಯಾಗಿದೆ ಎಂಬುದಕ್ಕೆ ಕಾಗದ ಕೇಳಲಿ. ಸೋಸುಕವನ್ನು ಕಿತ್ತೆಸೆದ ಗಾಡಿಯ ಹತ್ತಿರ ಸುಳಿಯಬೇಡಿ, ಅದು ಕಾನೂನಿಗೆ ವಿರುದ್ಧ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ತಿಳಿಸಿ. ಹೋದಾಗ ಬಾನೆಟ್ ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರೋ, ಎಂಜಿನ್ನಿನೊಳಕ್ಕೆ ಸೇರುತ್ತಿರುವ ನೀರೋ ಇರಬೇಕು. ಆಮೇಲೆ ಹಳೆಯ ಬಟ್ಟೆ ತೊಟ್ಟು, ಟಾರ್ಚು ಹಿಡಿದು, ಗಾಡಿಯ ಕೆಳಗೆ ನುಸುಳಿ. ನಮ್ಮ ಮೂರೂ ಊರುಗಳಲ್ಲಿ ರೋಗ ಬೇರೆ ಬೇರೆ. ಪರ್ತಿನಲ್ಲಿ ಗಣಿಗಳಲ್ಲಿ ದುಡಿದು ಬಂದ ಗಾಡಿಗಳು ಬಹಳ; ಕೆಂಪು ಧೂಳು ಸೀಟಿನ ಕೆಳಗೆ, ಬಾಗಿಲ ಸಂದಿಗಳಲ್ಲಿ ಅಡಗಿರುತ್ತದೆ, ಮತ್ತು ಓಡಿದ ಕಿಲೋಮೀಟರಿಗಿಂತ ನಿಂತಲ್ಲೇ ಎಂಜಿನ್ ಓಡಿದ ಗಂಟೆಗಳು ಹೆಚ್ಚು. ಬ್ರಿಸ್ಬೇನಿನವರಿಗೆ ಕಡಲತೀರದ ಮರಳು ಮತ್ತು ಉಪ್ಪುನೀರಿನ ತುಕ್ಕು. ಜೊತೆಗೆ 2011 ಮತ್ತು 2022ರ ನೆರೆಗಳು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿ. ಅಡಿಲೇಡಿನಲ್ಲಿ ಬೆಟ್ಟ ಹತ್ತಿಳಿದ ಗಾಡಿಗಳ ಬ್ರೇಕು, ಗೇರ್ ಬಾಕ್ಸು ನೋಡಬೇಕು. ಎಲ್ಲ ಕಡೆಯೂ ಒಂದನ್ನು ಮಾತ್ರ ಬಿಡಬೇಡಿ: ಡಬಲ್ ಕ್ಯಾಬಿನ ಹಿಂದೆ, ತೊಟ್ಟಿ ಶುರುವಾಗುವ ಜಾಗದಲ್ಲಿ ಚಾಸಿ ಬಾಗಿದೆಯೇ, ಬಿರುಕಿದೆಯೇ? ಕ್ಯಾಬಿನಿಗೂ ತೊಟ್ಟಿಗೂ ನಡುವಿನ ಸಂದು ಮೇಲೆ ಕಿರಿದಾಗಿಯೋ ಅಗಲವಾಗಿಯೋ ಕಂಡರೆ ನಮಸ್ಕಾರ ಹೇಳಿ ಹೊರಡಿ.

ಕಾಗದಪತ್ರಕ್ಕೆ ಬರೋಣ. ಮದುವೆಗೆ ಮುಂಚೆ ಜಾತಕ ನೋಡುವವರು ನಾವು. ಗಾಡಿಯ ಜಾತಕಕ್ಕೆ ಪಿ.ಪಿ.ಎಸ್.ಆರ್. ಎಂದು ಹೆಸರು. 2012ರ ಜನವರಿಯಿಂದ ಇಡೀ ದೇಶಕ್ಕೆ ಒಂದೇ ದಾಖಲೆ. ಎರಡು ಡಾಲರು ಕೊಟ್ಟರೆ ಗಾಡಿಯ ಮೇಲೆ ಸಾಲವಿದೆಯೇ, ಕಳವಿನದೇ, ಹಿಂದೆ ಜಖಂ ಆಗಿ ತಳ್ಳಿಹಾಕಿದ್ದೇ ಎಂದು ತಿಳಿಯುತ್ತದೆ. ಹಣ ಕೊಡುವ ದಿನವೇ ನೋಡಿ. ಕ್ವೀನ್ಸ್‌ಲೆಂಡಿನಲ್ಲಿ ನೋಂದಣಿ ಇರುವ ಗಾಡಿ ಮಾರುವವರು ಸೇಫ್ಟಿ ಸರ್ಟಿಫಿಕೇಟ್ ಕೊಡಲೇಬೇಕು. ಪಶ್ಚಿಮ ಆಸ್ಟ್ರೇಲಿಯ, ದಕ್ಷಿಣ ಆಸ್ಟ್ರೇಲಿಯಗಳಲ್ಲಿ ಖಾಸಗಿ ಮಾರಾಟಕ್ಕೆ ಆ ಕಟ್ಟಳೆಯಿಲ್ಲ. ನಿಮ್ಮ ಕಣ್ಣೇ ಸರ್ಟಿಫಿಕೇಟು. ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ಕೆಲವು ನೂರು ಡಾಲರು ಕೊಟ್ಟು ತೋರಿಸುವುದು ಲೇಸು. ವ್ಯಾಪಾರಿಯಿಂದ ಕೊಂಡರೆ ಮನಸ್ಸು ಬದಲಾಯಿಸಲು ಅಡಿಲೇಡಿನವರಿಗೆ ಎರಡು ಕೆಲಸದ ದಿನ, ಬ್ರಿಸ್ಬೇನಿನವರಿಗೆ ಒಂದು, ಪರ್ತಿನವರಿಗೆ ಏನೂ ಇಲ್ಲ.

ಪತ್ರ ಬರೆದವರಿಗೆ ನಮ್ಮ ಅಭಿಪ್ರಾಯ ಹೀಗಿದೆ. ತೋಟದ ಕೆಲಸದವರು ಡಬಲ್ ಕ್ಯಾಬಿನ ಆಸೆ ಬಿಡಲಿ. ಒಂದು ಘನ ಮೀಟರು ಒದ್ದೆ ಮಣ್ಣು ಒಂದೂವರೆ ಟನ್ನಿನ ಹತ್ತಿರ ತೂಗುತ್ತದೆ. ಸಿಂಗಲ್ ಕ್ಯಾಬ್, ಉದ್ದನೆಯ ಅಲ್ಯೂಮಿನಿಯಂ ಟ್ರೇ, ಎರಡು ಚಕ್ರದ ಚಾಲನೆಯದಾದರೆ ಹೆಚ್ಚು ಹೊರುತ್ತದೆ, ಬೆಲೆಯೂ ಕಡಿಮೆ. ಆದರೂ ಪೂರ್ತಿ ಮೀಟರನ್ನು ಒಂದೇ ಸಲಕ್ಕೆ ಹೇರಬಾರದು. ದೋಸೆಯವರ ಟ್ರೈಲರ್ ತುಂಬಿದಾಗ 1,800 ಕಿಲೋ ಎಂದು ಬರೆದಿದ್ದಾರೆ. ಅದು ನಿಜವಾದರೆ 2,500 ಎಳೆಯುವ ಹಳೆಯ ಹೈಲಕ್ಸೇ ಸಾಕು, ಉಳಿದ ಹಣ ಸಂತೆಯ ಬಾಡಿಗೆಗೆ ಬಂತು. ಪರ್ತಿನ ಹಿರಿಯರಿಗೆ ಮೂರು ಟನ್ನಿನ ಕ್ಯಾರವಾನ್ ಇಷ್ಟವಾಗಿದೆಯಂತೆ. ಇಬ್ಬರಿಗೆ ಎರಡು ಟನ್ನಿನದು ಧಾರಾಳ. ಕ್ಯಾರವಾನನ್ನು ಮೊದಲು ಇಳಿಸಿ, ಗಾಡಿಯನ್ನು ಆಮೇಲೆ ಆರಿಸಿ ಎಂದು ಅವರಲ್ಲಿ ನಮ್ಮ ವಿನಂತಿ. ದಾರಿಯಲ್ಲಿ ಇಳಿಜಾರು ಸಿಕ್ಕಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಲಿ.

ಕೊಳ್ಳುವ ಮುಂಚೆ ಸಾಧ್ಯವಾದರೆ ಭಾರ ಕಟ್ಟಿಯೇ ಓಡಿಸಿ ನೋಡಿ. ಖಾಲಿ ಓಡುವಾಗ ಎಲ್ಲ ಯೂಟೂ ಚೆನ್ನ. ಟ್ರೈಲರಿನ ಎಲೆಕ್ಟ್ರಿಕ್ ಬ್ರೇಕಿನ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇವೆ. ಗಾಡಿಯ ವರ್ಷ, ಮಾದರಿ, ಟ್ರೈಲರಿನ ತೂಕದ ಚೀಟಿಯ ಅಂಕಿಗಳನ್ನು ಸ್ಪಷ್ಟವಾಗಿ ಬರೆದು ಕಳಿಸಿ.