ಮಂಡಿ ಯಾರದು, ತೀರ್ಮಾನ ಯಾರದು?

ಮಂಡಿ ಆಪರೇಷನ್ ಯಾವಾಗ ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಉತ್ತರ ಹುಡುಕುವುದು ಹೆಚ್ಚಾಗಿ ಕ್ಯಾಲೆಂಡರಿನಲ್ಲಿ. ಮಗಳ ಮದುವೆ ಮುಗಿಯಲಿ, ಸೊಸೆಯ ಬಾಣಂತನ ಆಗಲಿ, ಅಮೆರಿಕದಲ್ಲಿರುವ ಮಗ ಡಿಸೆಂಬರ್ ರಜೆಗೆ ಬರಲಿ. ಇವು ಸುಳ್ಳು ಕಾರಣಗಳಲ್ಲ. ದುಡ್ಡು ಹೊಂದಬೇಕು, ಆಸ್ಪತ್ರೆಯಲ್ಲಿ ಪಕ್ಕದಲ್ಲಿರಲು ಜನ ಬೇಕು. ಆದರೆ ಈ ಲೆಕ್ಕಾಚಾರದಲ್ಲಿ ನೋವು ತಿನ್ನುತ್ತಿರುವವರನ್ನು ಯಾರೂ ಸರಿಯಾಗಿ ಕೇಳುವುದಿಲ್ಲ, ಅದರಲ್ಲೂ ಹೆಂಗಸರನ್ನು.

ಮನೆಯಲ್ಲಿ ಕ್ಯಾಲೆಂಡರ್ ಆದರೆ, ಆಸ್ಪತ್ರೆಯಲ್ಲಿ ಎಕ್ಸ್‌ರೇ. ‘ಗ್ಯಾಪೇ ಉಳಿದಿಲ್ಲ, ಮೂಳೆಗೆ ಮೂಳೆ ತಾಗ್ತಿದೆ, ಗ್ರೇಡ್ ಫೋರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆದರಿ ಹೂಂ ಎಂದವರು ಎಷ್ಟೋ ಜನ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು ವೈದ್ಯರು 1957ರಲ್ಲಿ ರೂಪಿಸಿದ ಈ ಗ್ರೇಡು ಅಳೆಯುವುದು ಸವೆತವನ್ನು. ಸವೆತಕ್ಕೂ ನೋವಿಗೂ ತಾಳೆಯಾಗಲೇಬೇಕೆಂದಿಲ್ಲ. ಫಿಲ್ಮಿನಲ್ಲಿ ಮಂಡಿ ಪೂರಾ ಸವೆದವರು ಸಂತೆಗೆ ನಡೆದು ಹೋಗಿ ಬರುತ್ತಾರೆ. ಅಷ್ಟೇನೂ ಸವೆಯದವರು ಮೆಟ್ಟಿಲು ಕಂಡರೆ ನಡುಗುತ್ತಾರೆ. ಸವೆತ ಕಾಣದಿದ್ದರೆ ಆಪರೇಷನ್ ಬೇಡ, ಸೊಂಟದ ಕೀಲಿನಿಂದಲೋ ಬೆನ್ನಿನಿಂದಲೋ ಮಂಡಿಗೆ ನೋವು ಇಳಿಯುತ್ತಿರಬಹುದು. ಕಂಡಿತೆಂಬುದಷ್ಟೇ ಆಪರೇಷನ್ನಿಗೆ ಕಾರಣವೂ ಆಗಬಾರದು.

ದೊಡ್ಡಮ್ಮನನ್ನು ಮೂಳೆ ಡಾಕ್ಟರ ಬಳಿ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಡಾಕ್ಟರು ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಕೊಟ್ಟ: ‘ಓಡಾಡ್ತಾರೆ ಸಾರ್, ಅಡುಗೆ ಎಲ್ಲಾ ಈಗಲೂ ಅಮ್ಮಂದೇ.’ ಡಾಕ್ಟರು ಕುರ್ಚಿಯನ್ನು ದೊಡ್ಡಮ್ಮನ ಕಡೆಗೆ ಎಳೆದುಕೊಂಡು, ‘ನೀವು ಹೇಳಿ ಅಮ್ಮಾ, ರಾತ್ರಿ ಹೇಗೆ?’ ಎಂದರು. ಮಗನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಆಕೆ ಹೇಳಿದ್ದಿಷ್ಟು: ‘ಸಂಜೆ ಆರರ ಮೇಲೆ ನೀರು ಕುಡಿಯಲ್ಲ ಡಾಕ್ಟ್ರೇ. ರಾತ್ರಿ ಬಚ್ಚಲಿಗೆ ಎದ್ದು ಹೋಗೋದಕ್ಕಾಗಲ್ಲ. ಕೂತರೆ ನಲ್ಲಿ ಹಿಡ್ಕೊಂಡು ಏಳಬೇಕು.’ ಒಂದೇ ಮನೆಯಲ್ಲಿದ್ದ ಮಗನಿಗೆ ಇದು ಗೊತ್ತಿರಲಿಲ್ಲ. ಅಡುಗೆ ನಡೆಯುತ್ತಿದೆ ಎಂದರೆ ಅಮ್ಮ ಚೆನ್ನಾಗಿದ್ದಾಳೆ ಎಂದೇ ಅವನ ಲೆಕ್ಕ. ಬಹುಪಾಲು ಮನೆಗಳ ಲೆಕ್ಕವೂ ಅದೇ.

ಕಾಲ ಬಂದಿದೆಯೇ ಎಂದು ತಿಳಿಯುವುದು ಇಂಥ ಉತ್ತರಗಳಿಂದ. ನೋವು ನಿದ್ದೆ ಕೆಡಿಸುತ್ತಿದೆಯೇ? ದೇವಸ್ಥಾನ, ನೆಂಟರ ಮನೆ, ಬಸ್ಸು ಹತ್ತುವುದು ಒಂದೊಂದಾಗಿ ಬಿಟ್ಟುಹೋಗಿವೆಯೇ? ಮಾಡಬೇಕಾದ ಬೇರೆ ಚಿಕಿತ್ಸೆಯನ್ನೆಲ್ಲ ನಿಜವಾಗಿಯೂ ಮಾಡಿ ಆಗಿದೆಯೇ?

ಈ ಕೊನೆಯ ಪ್ರಶ್ನೆಯನ್ನು ನಾವು ತೇಲಿಸಿಬಿಡುತ್ತೇವೆ. ಎಣ್ಣೆ ನೀವಿದ್ದು, ನೀ ಕ್ಯಾಪ್ ಹಾಕಿದ್ದು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದು ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ. ತೊಡೆಯ ಮುಂಭಾಗದ ಸ್ನಾಯುವಿಗೆ ಬಲ ಬರುವಂಥ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ತೂಕ ಇಳಿಯಬೇಕು, ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಡೆನ್ಮಾರ್ಕಿನಲ್ಲಿ ಮಂಡಿ ಬದಲಾವಣೆಗೆ ಅರ್ಹರೆನಿಸಿದ್ದ 100 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆಪರೇಷನ್ ಇಲ್ಲದೆ ವ್ಯಾಯಾಮ, ಪಥ್ಯ, ಮಾತ್ರೆಗಳಲ್ಲೇ ಮುಂದುವರಿದ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು ಕಾಲು ಭಾಗದಷ್ಟು ಮಾತ್ರ. ಆದರೆ ಮೊದಲೇ ಮಾಡಿಸಿಕೊಂಡ ಗುಂಪಿಗೆ ನೋವು ಹೆಚ್ಚು ತಗ್ಗಿತ್ತು, ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚಾಗಿದ್ದವು. ಎರಡರಲ್ಲಿ ಯಾವುದು ತನಗೆ ಸರಿ ಎಂದು ನೋವು ಉಣ್ಣುವವರೇ ತೂಗಿ ನೋಡಬೇಕು.

ಹಾಗೆಂದು ಕಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನನಗಿಲ್ಲ. ಕಾಲು ಬಿಲ್ಲಿನಂತೆ ಬಾಗಿ, ನೀಡಿದರೂ ನೇರವಾಗದೆ, ತೊಡೆಯ ಸ್ನಾಯು ಕರಗಿಹೋದ ಮೇಲೆ ಹೊಸ ಕೀಲು ಕೂರಿಸಿದರೆ ಅದರಿಂದ ಸಿಗುವ ಓಡಾಟವೂ ಅಷ್ಟಕ್ಕಷ್ಟೇ. ವರ್ಷಾನುಗಟ್ಟಲೆ ನುಂಗಿದ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ.

‘ಈ ವಯಸ್ಸಲ್ಲಿ ನನಗ್ಯಾಕೆ’ ಎಂಬ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಪ್ರಧಾನಿ ವಾಜಪೇಯಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ರ ಅಕ್ಟೋಬರ್‌ನಲ್ಲಿ ಎಡಮಂಡಿ ಬದಲಾಯಿಸಿಕೊಂಡಾಗ ಅವರಿಗೆ 75. ಮರುವರ್ಷ ಬಲಮಂಡಿಯದೂ ಆಯಿತು, 2004ರವರೆಗೆ ದೇಶ ನಡೆಸಿದರು. ಬ್ರಿಟನ್ನಿನ 2022ರ ಮಾರ್ಗಸೂಚಿ ವಯಸ್ಸು, ತೂಕವನ್ನು ನೆಪ ಮಾಡಿ ಯಾರನ್ನೂ ಹಿಂದಕ್ಕೆ ಕಳಿಸಬೇಡಿ ಎಂದು ವೈದ್ಯರಿಗೇ ಹೇಳುತ್ತದೆ. ಹಾಗೆ ನೋಡಿದರೆ ವಯಸ್ಸಿನ ವಿಚಾರದಲ್ಲಿ ಹೆಚ್ಚು ಯೋಚಿಸಬೇಕಾದವರು ಐವತ್ತರ ಆಸುಪಾಸಿನವರು. ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಎಪ್ಪತ್ತು ದಾಟಿದವರಿಗೆ ಇನ್ನೊಮ್ಮೆ ಆಪರೇಷನ್ ಬೇಕಾಗುವ ಸಂಭವ ನೂರಕ್ಕೆ ಐದರಷ್ಟು. ಐವತ್ತರ ಮೊದಲ ವರ್ಷಗಳಲ್ಲೇ ಮಾಡಿಸಿದ ಗಂಡಸರಿಗಾದರೆ ಮೂರರಲ್ಲೊಬ್ಬರಿಗೆ.

ದುಡ್ಡಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿತು, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಗೊತ್ತಾಯಿತು. ಅದೊಂದು ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಯ ಬಿಲ್ಲಿನಲ್ಲಿ ಇಂಪ್ಲಾಂಟ್ ಒಂದು ಸಾಲು ಅಷ್ಟೇ, ಉಳಿದ ಸಾಲುಗಳನ್ನೂ ಮುಂಚೆಯೇ ಬರೆಸಿಕೊಳ್ಳಿ. ರೋಬೋಟ್ ಸರ್ಜರಿಯ ಹೋರ್ಡಿಂಗು ನೋಡಿ ಹೋಗುವವರಿಗೆ ಒಂದು ಮಾತು: ನಿಮಗೆ ಆಪರೇಷನ್ ಬೇಕೋ ಬೇಡವೋ ಎಂದು ಆ ಹೋರ್ಡಿಂಗು ಹೇಳುವುದಿಲ್ಲ.

ಒಪ್ಪಿಕೊಳ್ಳುವ ಮುಂಚೆ ಡಾಕ್ಟರ ಬಾಯಲ್ಲಿ ಕೇಳಿ ತಿಳಿಯಬೇಕಾದ್ದು ಇನ್ನೂ ಇದೆ. ಮಂಡಿ ಬದಲಾದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಅಂದುಕೊಂಡಷ್ಟು ಸಮಾಧಾನ ಸಿಗುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಬೇಡವೆಂದೇ ಹೆಚ್ಚಿನ ವೈದ್ಯರು ಹೇಳುತ್ತಾರೆ. ನೆಲದ ಮೇಲೆ ಕೂತು ರಂಗೋಲಿ ಹಾಕುವ, ಹೂ ಕಟ್ಟುವ, ಕಳೆ ಕೀಳುವ ಹೆಣ್ಣುಮಗಳಿಗೆ ಇದು ಸಣ್ಣ ಸಂಗತಿಯಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿರಬೇಕು. ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿ ಮೂರು ತಿಂಗಳಾಗಿರದಿದ್ದರೆ ಸೋಂಕಿನ ಭಯವಿದೆ, ಅದನ್ನು ಮುಚ್ಚಿಡಬಾರದು.

ಆಪರೇಷನ್ ಆದ ಮೇಲೆ ಮಂಡಿ ಮಡಿಸುವ ವ್ಯಾಯಾಮ ನೋವಿನದು, ದಿನಾ ಮಾಡಬೇಕಾದ್ದು. ಮೊದಲ ವಾರಗಳಲ್ಲೇ ಒಲೆಯ ಮುಂದೆ ನಿಂತ ಹೆಂಗಸು ಅದನ್ನು ಮಾಡುವುದಾದರೂ ಯಾವಾಗ? ಆದ್ದರಿಂದ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡುವ ಮೊದಲು ಮನೆಯಲ್ಲಿ ಎಲ್ಲರೂ ಕೂತು, ಮುಂದಿನ ಮೂರು ತಿಂಗಳು ಅಡುಗೆ ಯಾರದು, ಬೆಳಿಗ್ಗೆ ಸಂಜೆ ಆಕೆಯನ್ನು ನಡೆಸುವವರು ಯಾರು ಎಂದು ಹೆಸರು ಹಿಡಿದು ತೀರ್ಮಾನ ಮಾಡಿ. ಬಚ್ಚಲಿಗೆ ಕಮೋಡ್ ಹಾಕಿಸುವ ಕೆಲಸವೂ ಅಷ್ಟರೊಳಗೆ ಮುಗಿದಿರಲಿ.